ಬಿಸಿಲು ಬೀಳದ ಮನೆಗೊಂದು ಕನಕಾಂಬರ

ಅಭ್ಯಾಸ ಬೋಧನೆಯಲ್ಲಿ ನಾನು ತೆಗೆದುಕೊಂಡ ಪಾಠಗಳ ಪೈಕಿ ಹೆಚ್ಚು ಅಂಕ ಬಂದದ್ದು ಏಳನೇ ತರಗತಿಯ ‘ಸಸ್ಯಗಳಲ್ಲಿ ಪೋಷಣೆ’ ಪಾಠಕ್ಕೆ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಪ್ರೇರಣೆ, ಪ್ರಯೋಗ, ಕಪ್ಪುಹಲಗೆಯ ಕೆಲಸ ಮೂರನ್ನೂ ಮೆಚ್ಚಿ ಬರೆದಿದ್ದರು. ಅದೇ ಪಾಠದಲ್ಲಿ ನಾನು ಒಂದು ತಪ್ಪನ್ನೂ ಕಲಿಸಿದ್ದೆ. ಅದು ನನಗಾಗಲಿ ಅವರಿಗಾಗಲಿ ಆ ದಿನ ಹೊಳೆಯಲಿಲ್ಲ. ಹೊಳೆದದ್ದು ಮೂರು ವಾರದ ನಂತರ, ಒಬ್ಬ ವಿದ್ಯಾರ್ಥಿನಿಯ ಗುಲಾಬಿ ಗಿಡ ಒಣಗಿದ ಮೇಲೆ.

ಪ್ರಯೋಗ ಎಲ್ಲರಿಗೂ ಗೊತ್ತಿರುವುದೇ. ಒಂದೇ ಜಾತಿಯ ಎರಡು ಕುಂಡದ ಗಿಡಗಳು. ಒಂದನ್ನು ಮೂರು ದಿನ ಬೀರುವಿನೊಳಗೆ ಇಟ್ಟೆ, ಇನ್ನೊಂದನ್ನು ಅಂಗಳದ ಬಿಸಿಲಿನಲ್ಲಿ. ಎರಡರ ಎಲೆಗಳನ್ನೂ ಸ್ಪಿರಿಟ್‌ನಲ್ಲಿ ಬೇಯಿಸಿ ಹಸಿರು ತೆಗೆದು ಅಯೋಡಿನ್ ಹನಿ ಹಾಕಿದಾಗ ಬಿಸಿಲಿನಲ್ಲಿದ್ದ ಎಲೆ ಕಪ್ಪುನೀಲಿಯಾಯಿತು, ಬೀರುವಿನದು ಆಗಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಹಲಗೆಯ ಮೇಲೆ ಎರಡು ವಾಕ್ಯ ಬರೆದೆ: ‘ಬೆಳಕಿಲ್ಲದೆ ಗಿಡ ಆಹಾರ ತಯಾರಿಸುವುದಿಲ್ಲ. ನೆರಳಿನಲ್ಲಿ ಗಿಡ ಬೆಳೆಯುವುದಿಲ್ಲ.’ ಮೊದಲನೆಯ ವಾಕ್ಯ ಪ್ರಯೋಗದಿಂದ ಬಂದದ್ದು. ಎರಡನೆಯದು ನನ್ನ ಕೈಯಿಂದ ಬಂದದ್ದು.

ಚಟುವಟಿಕೆಯಾಗಿ ಪ್ರತಿಯೊಬ್ಬರೂ ಮನೆಯಲ್ಲಿ ಒಂದು ಗಿಡ ಬೆಳೆಸಿ ಇಪ್ಪತ್ತು ದಿನ ದಾಖಲೆ ಬರೆಯಬೇಕೆಂದು ಹೇಳಿದೆ. ಶಾಲೆಯಲ್ಲಿ ಗುಲಾಬಿ ಮತ್ತು ಚೆಂಡುಹೂವಿನ ಸಸಿಗಳಿದ್ದವು, ಹಂಚಿದೆವು. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು, “ಮಿಸ್, ನಮ್ಮನೇಲಿ ಬಿಸ್ಲೇ ಬೀಳಲ್ಲ, ನಾನೇನ್ ಮಾಡ್ಲಿ?” ಎಂದಳು. “ತಾರಸಿಯ ಮೇಲೆ ಇಡಮ್ಮ” ಎಂದು ಹೇಳಿ ಮುಂದಿನ ಮಗುವಿಗೆ ಸಸಿ ಕೊಟ್ಟೆ. ತಾರಸಿಯ ಬೀಗದ ಕೈ ಮನೆಯ ಮಾಲೀಕರ ಹತ್ತಿರ ಇರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಇಪ್ಪತ್ತನೇ ದಿನ ಅವಳು ದಾಖಲೆ ಪುಸ್ತಕ ತರಲಿಲ್ಲ. ಹತ್ತಕ್ಕೆ ಎರಡು ಅಂಕ ಹಾಕಿದೆ.

ಆ ಎರಡು ಅಂಕ ಯಾತಕ್ಕೆ ಕೊಟ್ಟೆ ಎಂದು ಈಗ ಕೇಳಿದರೆ ಉತ್ತರವಿಲ್ಲ. ಕಳೆದ ಎಂಟು ಅಂಕ ಮಾತ್ರ ಅವಳ ಮನೆಯ ಮೇಲೆ ಬಿಸಿಲು ಬೀಳದಿದ್ದುದಕ್ಕೆ.

ಪ್ರಕರಣ ಅಧ್ಯಯನಕ್ಕಾಗಿ ನಾವು ಕೆಲವು ಮಕ್ಕಳ ಮನೆಗೆ ಹೋಗಬೇಕಿತ್ತು. ಹಾಗೆ ಅವಳ ಮನೆಗೂ ಹೋದೆ. ಮೈಸೂರಿನ ಹಳೆಯ ಬಡಾವಣೆಯೊಂದರ ವಠಾರ. ಎರಡೂ ಕಡೆ ಎರಡಂತಸ್ತಿನ ಗೋಡೆ, ನಡುವೆ ನಾಲ್ಕಡಿ ಅಗಲದ ಓಣಿ, ಒಳಗೆ ಹೋದ ಮೇಲೆ ನಲ್ಲಿಯ ಕಟ್ಟೆ ಇರುವ ಸಣ್ಣ ಅಂಗಳ. ಅವಳ ಬಾಗಿಲು ಓಣಿಯ ನಡುವೆ. ಬಾಗಿಲ ಪಕ್ಕದಲ್ಲಿ ಶಾಲೆಯಲ್ಲಿ ಕೊಟ್ಟ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗುಲಾಬಿಯ ಕಡ್ಡಿ ನಿಂತಿತ್ತು. ನಲ್ಲಿಯ ಕಟ್ಟೆಯ ಹತ್ತಿರ, ಸೂರಿನ ಕೆಳಗೆ, ಹಳೆಯ ಎಣ್ಣೆ ಡಬ್ಬದಲ್ಲಿ ಒಂದು ಕನಕಾಂಬರ ಮೈತುಂಬ ಹೂ ಬಿಟ್ಟುಕೊಂಡಿತ್ತು.

ಗಿಡ ಪಕ್ಕದ ಮನೆಯ ಅಜ್ಜಿಯದು. “ಇದಕ್ಕೆ ಮೈ ಸುಡೋ ಬಿಸ್ಲು ಬೇಡ ಟೀಚರಮ್ಮ, ಬೆಳಕಿದ್ರೆ ಸಾಕು. ಕಾಲಲ್ಲಿ ನೀರು ನಿಲ್ಬಾರ್ದು, ಅಷ್ಟೆ” ಎಂದರು ಅಜ್ಜಿ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆ. ನಮ್ಮಲ್ಲಿ ಇದಕ್ಕೆ ಅಬ್ಬಲಿಗೆ ಎನ್ನುತ್ತೇವೆ. ನಮ್ಮ ಮನೆಯ ಹಿಂದೆ, ಹಲಸಿನ ಮರದ ಕೆಳಗೆ, ಯಾರೂ ನೆಡದೆ ತಾನಾಗಿ ಎದ್ದ ಸಾಲು ಅಬ್ಬಲಿಗೆ ಈಗಲೂ ಇದೆ. ಅದನ್ನು ಮುಡಿದುಕೊಂಡೇ ಶಾಲೆಗೆ ಹೋದವಳು ನಾನು. ಆದರೂ ‘ನೆರಳಿನಲ್ಲಿ ಗಿಡ ಬೆಳೆಯುವುದಿಲ್ಲ’ ಎಂದು ಹಲಗೆಯ ಮೇಲೆ ಬರೆದಿದ್ದೆ. ಬೀರುವಿನ ಕತ್ತಲೆಯನ್ನೂ ಹಲಸಿನ ಮರದ ನೆರಳನ್ನೂ ಒಂದೇ ಎಂದು ಮಕ್ಕಳಿಗೆ ಕಲಿಸಿದ್ದೆ.

ಉಪನ್ಯಾಸಕರಿಗೆ ವಿಷಯ ತಿಳಿಸಿ, ಅದೇ ತರಗತಿಗೆ ಇನ್ನೊಂದು ಪಾಠ ತೆಗೆದುಕೊಳ್ಳಲು ಅನುಮತಿ ಕೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: “ನೆರಳು ಅಂದರೆ ಎಷ್ಟು ಬೆಳಕು? ಮಕ್ಕಳು ಅಳೆಯುವುದು ಹೇಗೆ?” ಪಾಠಯೋಜನೆಯನ್ನು ಆ ಪ್ರಶ್ನೆಯಿಂದಲೇ ಶುರುಮಾಡಿದೆ.

ಲಕ್ಸ್ ಮಾಪಕ ನಮ್ಮಲ್ಲಿ ಇರಲಿಲ್ಲ. ಬಿಳಿ ಹಾಳೆ ಮತ್ತು ಅಂಗೈ ಸಾಕು. ಮಧ್ಯಾಹ್ನದ ಹೊತ್ತು ಗಿಡ ಇಡಬೇಕೆಂದಿರುವ ಜಾಗದಲ್ಲಿ ಹಾಳೆ ಇಟ್ಟು, ಅದರಿಂದ ಒಂದಡಿ ಮೇಲೆ ಅಂಗೈ ಹಿಡಿಯಬೇಕು. ಬೆರಳುಗಳ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿ ಬಿದ್ದರೆ ಅದು ಬಿಸಿಲಿನ ಜಾಗ. ಕೈಯ ಆಕಾರ ತಿಳಿಯುತ್ತದೆ ಆದರೆ ಅಂಚು ಮಬ್ಬು ಎಂದಾದರೆ ಬೆಳಕಿನ ನೆರಳು. ಹಾಳೆಯ ಮೇಲೆ ಏನೂ ಕಾಣದಿದ್ದರೆ ಅಲ್ಲಿ ಹೂವಿನ ಗಿಡದ ಆಸೆ ಬಿಡಬೇಕು. ಇದನ್ನು ಮೊದಲು ಶಾಲೆಯ ಆವರಣದಲ್ಲಿ ಮಾಡಿಸಿದೆ. ಧ್ವಜಸ್ತಂಭದ ಹತ್ತಿರ, ಹೊಂಗೆ ಮರದ ಕೆಳಗೆ, ಮೆಟ್ಟಿಲ ಕೆಳಗೆ ಹೀಗೆ ಮೂರು ಕಡೆ ಮೂರು ಬಗೆಯ ಕೈ ಸಿಕ್ಕಿತು. ಬಳಿಕ ಪ್ರತಿಯೊಬ್ಬರೂ ಮನೆಯ ನಕ್ಷೆ ಬರೆದು, ಒಂದು ಭಾನುವಾರ ಬೆಳಿಗ್ಗೆ ಎಂಟು, ಹತ್ತು, ಹನ್ನೆರಡು, ಮಧ್ಯಾಹ್ನ ಎರಡು, ನಾಲ್ಕು ಗಂಟೆಗೆ ಎಲ್ಲಿ ಬಿಸಿಲು, ಎಲ್ಲಿ ಮಬ್ಬು, ಎಲ್ಲಿ ಕತ್ತಲು ಎಂದು ಬಣ್ಣದ ಪೆನ್ಸಿಲ್‌ನಲ್ಲಿ ಗುರುತಿಸಿ ತಂದರು.

ನಾನು ಕೊಟ್ಟ ಕೆಲಸಗಳಲ್ಲಿ ಮಕ್ಕಳು ತಾವಾಗಿ ಜಗಳವಾಡುವಷ್ಟು ಆಸಕ್ತಿ ತೋರಿಸಿದ್ದು ಇದೊಂದರಲ್ಲೇ. ಒಬ್ಬ ಹುಡುಗ ತನ್ನ ಮನೆಯ ಓಣಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹಳದಿ ಬಳಿದುಕೊಂಡು ಬಂದಿದ್ದ. ಕೆಳಗೆ ಅವನ ಅಜ್ಜಿ ಹೇಳಿದ್ದನ್ನೂ ಬರೆದಿದ್ದ: ‘ದಸರಾ ಆದ ಮೇಲೆ ಇಲ್ಲಿ ಬಿಸಿಲು ಬರಲ್ಲ.’ ನಾನು ಮೊದಲು ನಂಬಲಿಲ್ಲ. ಲೆಕ್ಕ ಹಾಕಿ ನೋಡಿದಾಗ ಅಜ್ಜಿಯ ಮಾತು ಸರಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ನಾವು ನಕ್ಷೆ ಬರೆಸಿದ್ದು ಆಗಸ್ಟ್‌ನಲ್ಲಿ. ಆ ಹುಡುಗನ ಓಣಿ ಪೂರ್ವದಿಂದ ಪಶ್ಚಿಮಕ್ಕೆ ಚಾಚಿದೆ, ಆದ್ದರಿಂದ ಆಗ ಸೂರ್ಯ ಓಣಿಯ ಉದ್ದಕ್ಕೇ ನಡೆದಂತೆ ಸಾಗುತ್ತಾನೆ. ಡಿಸೆಂಬರ್‌ನಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ 35 ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಗೋಡೆಯೇ ಅವನನ್ನು ಮರೆಮಾಡುತ್ತದೆ. ನಮ್ಮ ವಿದ್ಯಾರ್ಥಿನಿಯ ಓಣಿ ಉತ್ತರ–ದಕ್ಷಿಣ. ಅಲ್ಲಿ ಯಾವ ತಿಂಗಳಾದರೂ ನೆಲಕ್ಕೆ ಬಿಸಿಲು ಸಿಗುವುದು ನಡುಮಧ್ಯಾಹ್ನ ಅರ್ಧ–ಮುಕ್ಕಾಲು ಗಂಟೆ ಮಾತ್ರ. ಆದ್ದರಿಂದ ಮನೆಯಲ್ಲಿ ಗಿಡ ಇಡುವ ಜಾಗವನ್ನು ಒಂದೇ ದಿನ ನೋಡಿ ತೀರ್ಮಾನಿಸಬಾರದು; ಆ ಮನೆಯಲ್ಲಿ ವರ್ಷಗಟ್ಟಲೆ ಇದ್ದವರನ್ನು ಕೇಳಬೇಕು. ಇದನ್ನು ಪಾಠಯೋಜನೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಎರಡನೇ ತರಗತಿ ಗಿಡದ ಪರಿಚಯಕ್ಕೆ. ಅಜ್ಜಿಯಿಂದ ಒಂದು ಡಬ್ಬವನ್ನೇ ಕೇಳಿ ತಂದಿದ್ದೆ. “ಇದು ಅಬ್ಬಲಿಗೆ” ಎಂದು ಶುರುಮಾಡಿದೆ, ತರಗತಿ ಸುಮ್ಮನಿತ್ತು. “ಕನಕಾಂಬರ ಮಿಸ್!” ಎಂದು ಒಬ್ಬಳು ತಿದ್ದಿದಳು. ಸರಿ, ಎರಡೂ ಹೆಸರನ್ನು ಹಲಗೆಯ ಮೇಲೆ ಬರೆದೆ. ಶಾಸ್ತ್ರೀಯ ಹೆಸರು ಕ್ರಾಸಾಂಡ್ರ ಇನ್‌ಫಂಡಿಬುಲಿಫಾರ್ಮಿಸ್. ಕ್ರಾಸಾಂಡ್ರ ಎಂದರೆ ಅಂಚಿಗೆ ಕುಚ್ಚಿರುವ ಪರಾಗಕೋಶದ್ದು, ಎರಡನೆಯ ಪದದ ಅರ್ಥ ಆಲಿಕೆಯ ಆಕಾರದ್ದು. ಮಕ್ಕಳು ಹೂವನ್ನು ಬಿಡಿಸಿ ನೋಡಿದರು. ಸಣ್ಣ ಕೊಳವೆಯ ತುದಿಯಲ್ಲಿ ಎಸಳೆಲ್ಲ ಒಂದೇ ಕಡೆಗೆ ಬೀಸಣಿಗೆಯಂತೆ ಹರಡಿದೆ. ಹೂಗಳು ಹಸಿರು ತೆನೆಯಲ್ಲಿ ಕೆಳಗಿನಿಂದ ಮೇಲಕ್ಕೆ ದಿನಕ್ಕಿಷ್ಟು ಅರಳುತ್ತಾ ಹೋಗುತ್ತವೆ. ಪರಿಮಳವಿಲ್ಲ. ಅದಕ್ಕೇ ಮಲ್ಲಿಗೆಯ ಜೊತೆ, ಮರುಗದ ಜೊತೆ ಸೇರಿಸಿ ಕಟ್ಟುತ್ತಾರೆ ಎಂದು ಮಕ್ಕಳೇ ಹೇಳಿದರು.

‘ನಮ್ಮ ನೆಲದ ಗಿಡ’ ಎಂಬ ಮಾತಿಗೆ ಇಲ್ಲಿ ಸ್ವಲ್ಪ ಹೊತ್ತು ಕೊಟ್ಟೆ. ಹಂಚಿದ ಎರಡು ಸಸಿಗಳಲ್ಲಿ ಯಾವುದು ನಮ್ಮದು ಎಂದು ಕೇಳಿದಾಗ ಎಲ್ಲರೂ ಚೆಂಡುಹೂ ಎಂದರು. ಆಯುಧಪೂಜೆಗೆ ಅದಿಲ್ಲದೆ ಆಗುವುದಿಲ್ಲವಲ್ಲ. ಚೆಂಡುಹೂವಿನ ತವರು ಮೆಕ್ಸಿಕೊ ಎಂದಾಗ ನಂಬಲು ಸಿದ್ಧರಿರಲಿಲ್ಲ. ಕನಕಾಂಬರ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕಾಡಿನ ಮರಗಳ ಅಡಿಯಲ್ಲಿ ಬೆಳೆಯುವ ಪೊದೆ. ಆಡುಸೋಗೆ, ಸ್ಫಟಿಕದ ಹೂ, ನೆಲಬೇವು ಇವೆಲ್ಲ ಅದರ ಕುಟುಂಬದವು. ಮರದ ಎಲೆಗಳ ನಡುವಿನಿಂದ ಸೋಸಿ ಬರುವ ಬೆಳಕಿನಲ್ಲಿ ಬದುಕಲು ಒಗ್ಗಿಕೊಂಡ ಗಿಡ, ಹೀಗಾಗಿ ಸೂರಿನ ಕೆಳಗೂ ನಗುತ್ತದೆ. ಸುಡುಬಿಸಿಲಿನಲ್ಲಿ ಎಲೆ ಮಂಕಾಗಿ ಅಂಚು ಸುಡುತ್ತದೆ, ಹೂವಿನ ಬಣ್ಣ ಬೇಗ ಮಾಸುತ್ತದೆ. ಆದರೆ ನೆರಳು ಹೆಚ್ಚಾದಷ್ಟೂ ಒಳ್ಳೆಯದು ಎಂದೂ ಅಲ್ಲ. ತೀರಾ ಕತ್ತಲ ಜಾಗದಲ್ಲಿ ಕಾಂಡ ಉದ್ದುದ್ದ ಎಳೆದುಕೊಂಡು, ಎಲೆ ಅಗಲವಾಗಿ, ಹೂ ಮಾತ್ರ ಇಲ್ಲವಾಗುತ್ತದೆ. ಬೆಳಗಿನ ಒಂದೆರಡು ಗಂಟೆಯ ಎಳೆಬಿಸಿಲು, ಉಳಿದ ಹೊತ್ತು ತೆರೆದ ಆಕಾಶದ ಬೆಳಕು, ಇಷ್ಟು ಸಿಕ್ಕರೆ ಚೆನ್ನಾಗಿ ಹೂ ಬಿಡುತ್ತದೆ.

ಬೀಜಪ್ರಸಾರದ ಪ್ರಾತ್ಯಕ್ಷಿಕೆ ಇದೇ ತರಗತಿಯಲ್ಲಿತ್ತು. ಅದು ಬಹುತೇಕ ಕೆಟ್ಟೇ ಹೋಗಿತ್ತು. ಕನಕಾಂಬರದ ಒಣಗಿದ ಕಾಯಿ ನೀರು ತಾಗಿದರೆ ಪಟ್ಟನೆ ಸಿಡಿದು ಬೀಜ ಎರಚುತ್ತದೆ. ನಾನು ಅವಸರದಲ್ಲಿ ತೆನೆಯಿಂದ ಬಿಡಿಸಿಕೊಂಡು ಬಂದದ್ದರಲ್ಲಿ ಹೆಚ್ಚಿನವು ಇನ್ನೂ ಹಸಿರು. ಬಟ್ಟಲ ನೀರಿಗೆ ಹಾಕಿದೆ. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತಿದ್ದರು. ಅಷ್ಟರಲ್ಲಿ ಒಬ್ಬ ಹುಡುಗ ಮೇಜಿನ ಮೇಲೆ ಬಿದ್ದಿದ್ದ ಕಂದು ಬಣ್ಣದ ಕಾಯೊಂದನ್ನು ನಾಲಿಗೆಯ ಮೇಲೆ ಇಟ್ಟುಕೊಂಡ. ಅದು ಅವನ ಬಾಯೊಳಗೇ ಸಿಡಿಯಿತು. ತರಗತಿಯ ಗದ್ದಲ ಪಕ್ಕದ ಕೋಣೆಗೂ ಕೇಳಿರಬೇಕು. ಬಾಯಿಗೆ ಹಾಕಬಾರದೆಂದು ಗದರಿ, ಕಂದು ಕಾಯಿಗಳನ್ನೇ ಆರಿಸಿ ನೀರಿಗೆ ಹಾಕಿದ ಮೇಲೆ ಒಂದೊಂದಾಗಿ ಸಿಡಿಯತೊಡಗಿದವು. ಒಂದೊಂದು ಕಾಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜ. ಒದ್ದೆಯಾದ ಬೀಜ ಬೆರಳಿಗೆ ಅಂಟುತ್ತದೆ. ‘ಒಣಗಿದಾಗ ಸಿಡಿಯದೆ ನೆನೆದಾಗಲೇ ಏಕೆ ಸಿಡಿಯಬೇಕು?’ ಎಂದು ಕೇಳಿದೆ. ‘ಮಳೆ ಬಂದಾಗ ಬಿದ್ರೆ ಮಣ್ಣು ಒದ್ದೆ ಇರುತ್ತೆ, ಮೊಳಕೆ ಬರುತ್ತೆ’ ಎಂಬ ಉತ್ತರ ಬಂತು. ಇದನ್ನು ನಾನು ಹೇಳಿಕೊಡಲಿಲ್ಲ.

ಮಾರನೇ ದಿನ ಮಕ್ಕಳು ರಸ್ತೆಬದಿಯ ನೇರಳೆ ಹೂವಿನ ಗಿಡದ ಉದ್ದನೆಯ ಚಟಪಟ ಕಾಯಿಗಳನ್ನು ಜೇಬಿನ ತುಂಬ ತಂದರು. ಅದೂ ಇದೇ ಕುಟುಂಬದ್ದು, ಆದರೆ ಅಮೆರಿಕ ಖಂಡದಿಂದ ಬಂದು ಇಲ್ಲಿ ನೆಲೆಸಿದ್ದು. ನೆಂಟರು ಒಂದೇ, ಊರು ಬೇರೆ.

ಈ ಪಾಠ ತೆಗೆದುಕೊಳ್ಳುವವರಿಗೆ ಒಂದು ಸೂಚನೆ. ನರ್ಸರಿಯಲ್ಲಿ ಸಿಗುವ ‘ದೆಹಲಿ ಕನಕಾಂಬರ’ ತ್ರಿಗುಣಿತ ತಳಿ, ಅಂದರೆ ವರ್ಣತಂತುಗಳ ಮೂರು ಗಣಗಳಿರುವುದು. ಹೂ ಸೊಗಸಾಗಿ ಬಿಟ್ಟರೂ ಅದು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ನನ್ನ ಸಹ ಪ್ರಶಿಕ್ಷಣಾರ್ಥಿಯೊಬ್ಬರು ದುಡ್ಡು ಕೊಟ್ಟು ಅದನ್ನು ತಂದು ಕಾಯಿಗಾಗಿ ಕಾದರು. ಸಿಡಿಯುವ ಕಾಯಿ ಬೇಕಿದ್ದರೆ ಮನೆಗಳ ಹಿತ್ತಿಲಿನ ಹಳೆಯ ನಾಟಿ ಗಿಡವನ್ನೇ ಹುಡುಕಬೇಕು.

ಮೂರನೆಯದು ನೆಡುವ ತರಗತಿ. ಬೀಜಕ್ಕೆ ಬೇಗ ವಯಸ್ಸಾಗುತ್ತದೆ, ತಾಜಾ ಬೀಜವನ್ನೇ ತೆಳ್ಳಗೆ ಮಣ್ಣು ಮುಚ್ಚಿ ಬಿತ್ತಬೇಕು. ನಮಗೆ ಸಮಯ ಕಡಿಮೆಯಿದ್ದುದರಿಂದ ಹೆಚ್ಚಾಗಿ ಕಡ್ಡಿ ನೆಟ್ಟೆವು. ತೀರಾ ಎಳೆಯದೂ ಅಲ್ಲದ, ಮರದಂತಾದದ್ದೂ ಅಲ್ಲದ ಕೊಂಬೆಯಿಂದ ಬೆರಳುದ್ದದ ತುಂಡು, ಅದರಲ್ಲಿ ಎರಡು ಮೂರು ಗೆಣ್ಣು. ಕೆಳಗಿನ ಎಲೆ ಕಿತ್ತು, ಒಂದು ಗೆಣ್ಣು ಮರಳಿನೊಳಗೆ ಹೋಗುವಂತೆ ಊರಿದೆವು. ಬೇರು ಬಂದ ಮೇಲೆ ಹಾಕಲು ಕುಂಡಕ್ಕೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಹಿಡಿಯಷ್ಟು ಬೇವಿನ ಹಿಂಡಿ. ಬೇರಿಗೆ ಜಂತುಹುಳು ತಗಲುವುದು ಕನಕಾಂಬರದ ದೊಡ್ಡ ಕಾಟ. ಹುಳು ಕಚ್ಚಿದ ಬೇರಿಗೆ ಸೊರಗು ರೋಗವೂ ಸುಲಭವಾಗಿ ಹತ್ತುತ್ತದೆ. ಹಿಂಡಿ ಹಾಕುವುದು ಅದಕ್ಕೆ. ಪಾತ್ರೆ ಎಣ್ಣೆ ಡಬ್ಬವೋ ಬಣ್ಣದ ಬಕೆಟ್ಟೋ ಯಾವುದಾದರೂ ಆದೀತು, ತಳದಲ್ಲಿ ನಾಲ್ಕು ತೂತು ಇರಲೇಬೇಕು.

ಈ ಕೊನೆಯ ಮಾತನ್ನು ನಾನು ಎರಡು ಸಲ ಹೇಳಿದ್ದೆ, ಸಾಕಾಗಲಿಲ್ಲ. ಶಾಲೆಯಲ್ಲಿಟ್ಟ ಕಡ್ಡಿಗಳಿಗೆ ಪ್ರಾರ್ಥನೆಯ ಮೊದಲು ಒಬ್ಬರು, ಊಟದ ನಂತರ ಒಬ್ಬರು, ಮನೆಗೆ ಹೋಗುವಾಗ ಒಬ್ಬರು ನೀರು ಹಾಕುತ್ತಿದ್ದರು. ಹತ್ತು ದಿನದೊಳಗೆ ಅರ್ಧದಷ್ಟು ಬುಡ ಕೊಳೆತು ಕಪ್ಪಾದವು. ನೆರಳಿನಲ್ಲಿರುವ ಕುಂಡ ಬಿಸಿಲಿನ ಕುಂಡಕ್ಕಿಂತ ನಿಧಾನವಾಗಿ ಒಣಗುತ್ತದೆ ಎಂಬುದನ್ನು ನಾನು ಪಾಠದಲ್ಲಿ ಸೇರಿಸಿರಲಿಲ್ಲ. ಬೆರಳಿನ ಮೊದಲ ಗೆಣ್ಣಿನಷ್ಟು ಆಳಕ್ಕೆ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ನೀರು. ಈ ನಿಯಮ ಬಂದದ್ದು ಕಡ್ಡಿ ಸತ್ತ ಮೇಲೆ. ಬದುಕಿದವುಗಳಿಗೆ ಮೂರು ನಾಲ್ಕು ವಾರದಲ್ಲಿ ಬೇರು ಬಂತು.

ವಿದ್ಯಾರ್ಥಿನಿಯ ಮನೆಗೆ ಮತ್ತೊಮ್ಮೆ ಹೋದೆ, ಈ ಸಲ ಬಿಳಿ ಹಾಳೆ ಹಿಡಿದು. ಬಾಗಿಲ ಪಕ್ಕ, ಗುಲಾಬಿ ಇದ್ದ ಜಾಗದಲ್ಲಿ, ಹಾಳೆಯ ಮೇಲೆ ಕೈ ಕಾಣಲೇ ಇಲ್ಲ. ಅವಳೇ ಹಾಳೆಯನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ನೆಲದಿಂದ ನಾಲ್ಕಡಿ ಎತ್ತರ, ಎದುರಿಗೆ ಸುಣ್ಣ ಬಳಿದ ಗೋಡೆ. ಅಲ್ಲಿ ಮಬ್ಬಾಗಿ ಐದು ಬೆರಳು ಕಂಡವು. “ಇಲ್ಲಿ ಆಗತ್ತಾ ಮಿಸ್?” ಎಂದಳು. ಅಜ್ಜಿಯ ಡಬ್ಬದಷ್ಟು ಹೂ ಬಿಡಲಿಕ್ಕಿಲ್ಲ, ಗಿಡ ಬದುಕುತ್ತದೆ, ಸ್ವಲ್ಪವಾದರೂ ಹೂ ಬಂದೀತು ಎಂದು ಇದ್ದದ್ದನ್ನೇ ಹೇಳಿದೆ. ಮೊದಲ ಸಲದ ಹಾಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಲು ಧೈರ್ಯವಾಗಲಿಲ್ಲ. ಅಜ್ಜಿ ತಮ್ಮ ಗಿಡದ ಬುಡದಲ್ಲಿ ತಾನಾಗಿ ಹುಟ್ಟಿದ್ದ, ಆರೆಲೆಯ ಸಸಿಯೊಂದನ್ನು ಮಣ್ಣಿನ ಸಮೇತ ಎತ್ತಿ ಕೊಟ್ಟರು. ಗೋಡೆಯ ಸುಣ್ಣ ಉದುರಿ ಕುಂಡಕ್ಕೆ ಬೀಳದ ಹಾಗೆ ನೋಡಿಕೊಳ್ಳಬೇಕೆಂದು ನಾನು ಸೇರಿಸಿದೆ. ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಾದರೆ ಗಿಡಕ್ಕೆ ಕಬ್ಬಿಣ ಸಿಗದೆ, ನರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ. ಸಸಿ ಗೇಣುದ್ದವಾದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಹೂ ಮುಗಿದ ತೆನೆಯನ್ನು ಬೀಜಕ್ಕೆ ಬೇಕಿಲ್ಲದಿದ್ದರೆ ಕತ್ತರಿಸಬೇಕು. ಇವೆಲ್ಲ ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ಅಂಕದ ವಿಷಯ ತರಗತಿ ಶಿಕ್ಷಕಿಯರ ಬಳಿ ಎತ್ತಿದೆ. ಆಗಲೇ ದಾಖಲೆಗೆ ಏರಿಸಿಯಾಗಿತ್ತು. ಮುಂದಿನ ಚಟುವಟಿಕೆಯಲ್ಲಿ ಸರಿದೂಗಿಸೋಣ ಎಂದರು. ಹಲಗೆಯ ಮೇಲಿನ ಎರಡನೆಯ ವಾಕ್ಯವನ್ನು ಮಾತ್ರ ತರಗತಿಯ ಮುಂದೆ ಮತ್ತೆ ಬರೆದು, ಅಡ್ಡಗೆರೆ ಎಳೆದು, ಅದು ನನ್ನ ತಪ್ಪು ಎಂದು ಹೇಳಿದೆ. ಅದರ ಬದಲು ಏನು ಬರೆಯಬೇಕು ಎಂದು ಮಕ್ಕಳನ್ನೇ ಕೇಳಿದೆ. ಬಹಳ ಚರ್ಚೆಯಾಗಿ ಕೊನೆಗೆ ಉಳಿದ ವಾಕ್ಯ ಇದು: ‘ಯಾವ ಗಿಡಕ್ಕೆ ಎಷ್ಟು ಬೆಳಕು ಬೇಕು ಎಂದು ಅದು ಎಲ್ಲಿಂದ ಬಂದಿದೆ ನೋಡಿ ತಿಳಿಯಬೇಕು.’ ವ್ಯಾಕರಣ ಸ್ವಲ್ಪ ತೊಡಕಾಗಿದೆ. ನಾನು ತಿದ್ದಲಿಲ್ಲ.

ಕನಕಾಂಬರ ಸಸಿ ನೆಟ್ಟ ಮೇಲೆ ಹೂ ಬಿಡಲು ಎರಡು ಮೂರು ತಿಂಗಳು ಬೇಕು. ನಮ್ಮ ಅಭ್ಯಾಸ ಬೋಧನೆ ಅದಕ್ಕೂ ಮೊದಲೇ ಮುಗಿಯಿತು. ಕೊನೆಯ ದಿನ ದಾಖಲೆ ಪುಸ್ತಕಗಳನ್ನು ನೋಡಿ ಸಹಿ ಹಾಕಿದೆ. ಅವಳ ಪುಸ್ತಕದ ಕೊನೆಯ ಪುಟದಲ್ಲಿ ಹೀಗಿತ್ತು: ‘41ನೇ ದಿನ. ಎಲೆ 14. ನೀರು ಹಾಕಲಿಲ್ಲ, ಮಣ್ಣು ಒದ್ದೆ ಇದೆ. ತುದಿಯಲ್ಲಿ ಹಸಿರಾಗಿ ಏನೋ ಬಂದಿದೆ. ಎಲೆನಾ ತೆನೆನಾ ಗೊತ್ತಾಗ್ತಿಲ್ಲ. ಅಜ್ಜಿ ನಾಳೆ ನೋಡ್ತೀನಿ ಅಂದ್ರು.’